ಮಾತಿನ ಶೋಧನೆಗೆ ಹೊರಟ ಎಳೆಯರು

ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿರುವ ಮಗನೋ ಮಗಳೋ, “ಈ ಬೇಸಗೆಯ ರಜೆಯಲ್ಲಿ ನಾನು ಊರಿಗೆ ಬರುವುದಿಲ್ಲ, ಮಾತಿನ ವಿಷಯವಾಗಿ ಸಂಶೋಧನೆ ನಡೆಸುವ ಪ್ರಾಧ್ಯಾಪಕರೊಬ್ಬರ ಬಳಿ ಎರಡು ತಿಂಗಳು ಕೆಲಸ ಕಲಿಯುತ್ತೇನೆ” ಎಂದು ತಿಳಿಸಿದರೆ, ಮನೆಯ ಹಿರಿಯರಿಗೆ ಒಂದು ಕ್ಷಣ ಏನು ಹೇಳಬೇಕೆಂಬುದೇ ತೋಚದು. ರೋಗಕ್ಕೆ ಮದ್ದನ್ನು ಹುಡುಕುವ ಸಂಶೋಧನೆ ಯಾರಿಗಾದರೂ ಅರ್ಥವಾಗುತ್ತದೆ. ಬೆಳೆಗೆ ಬೀಳುವ ಹುಳುವನ್ನು ಕುರಿತ ಸಂಶೋಧನೆಯೂ ಅರ್ಥವಾಗುತ್ತದೆ. ಮಾತಾದರೋ ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣುಮುದುಕರವರೆಗೆ ಎಲ್ಲರ ಬಾಯಲ್ಲಿಯೂ ಇರತಕ್ಕ ವಸ್ತು. ಅದರಲ್ಲಿ ಹೊಸದಾಗಿ ಕಂಡುಹಿಡಿಯತಕ್ಕದ್ದು ಏನಿದೆ? ಇದ್ದರೂ, ಇನ್ನೂ ಪದವಿಯನ್ನೇ ಪಡೆಯದ ಎಳೆಯರಿಂದ ಅದು ಆಗತಕ್ಕ ಕೆಲಸವೆ? ಈ ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳಿಗೆ ನನಗೆ ತಿಳಿದ ಮಟ್ಟಿಗೆ ಉತ್ತರ ಹೇಳುವುದೂ, ಅಂತಹ ಎಳೆಯರಿಗೆ ದಾರಿ ತೋರತಕ್ಕವರ ಧರ್ಮವೇನೆಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ಮಾತನ್ನು ಶಾಸ್ತ್ರದ ವಸ್ತುವಾಗಿ ಎಣಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ವೇದದ ಆರು ಅಂಗಗಳಲ್ಲಿ ಮೊದಲು ಹೇಳುವ ಹೆಸರು ‘ಶಿಕ್ಷೆ’. ಈಗ ಆ ಮಾತನ್ನು ಕೇಳಿದರೆ ಹುಡುಗರಿಗೆ ಬೆತ್ತದ ನೆನಪು ಬಂದೀತು. ಆದರೆ ಇಲ್ಲಿ ಅದರ ಅರ್ಥ ಉಚ್ಚಾರಣೆಯ ಶಾಸ್ತ್ರವೆಂದು. ಅಕ್ಷರಾಭ್ಯಾಸದ ದಿನ ಮಗುವಿನ ಕೈಹಿಡಿದು ತಿದ್ದಿಸುವ ವರ್ಣಮಾಲೆಯೇ ಈ ಶಾಸ್ತ್ರದ ಫಲ. ಕವರ್ಗಕ್ಕೆ ಕಂಠ, ಚವರ್ಗಕ್ಕೆ ತಾಲು, ಟವರ್ಗಕ್ಕೆ ಮೂರ್ಧ, ತವರ್ಗಕ್ಕೆ ದಂತ, ಪವರ್ಗಕ್ಕೆ ಓಷ್ಠ—ಹೀಗೆ ಬಾಯಿಯ ಒಳಗಿನಿಂದ ಹೊರಗಿನ ತುಟಿಯವರೆಗೆ ಒಂದು ಕ್ರಮದಲ್ಲಿ ಧ್ವನಿಗಳನ್ನು ಜೋಡಿಸಿಟ್ಟಿದ್ದಾರೆ. ಇಂಗ್ಲಿಷಿನ ಎ, ಬಿ, ಸಿ, ಡಿಗಳಲ್ಲಿ ಈ ಕ್ರಮವನ್ನು ಹುಡುಕಿದರೂ ಸಿಕ್ಕದು. ಅಮೆರಿಕದ ವಿದ್ವಾಂಸ ವಿಟ್ನಿ ೧೮೬೨ರಲ್ಲಿ ಅಥರ್ವವೇದದ ಪ್ರಾತಿಶಾಖ್ಯವನ್ನೂ ೧೮೭೧ರಲ್ಲಿ ತೈತ್ತಿರೀಯ ಪ್ರಾತಿಶಾಖ್ಯವನ್ನೂ ಅನುವಾದದೊಡನೆ ಪ್ರಕಟಿಸಿದುದು, ಪಶ್ಚಿಮದವರು ಈ ಗ್ರಂಥಗಳನ್ನು ಎಷ್ಟು ಶ್ರದ್ಧೆಯಿಂದ ಓದಿದರೆಂಬುದಕ್ಕೆ ಸಾಕ್ಷಿ.

ಆದರೆ ಒಂದು ಭೇದವನ್ನು ನಾವು ಮರೆಯಲಾಗದು. ಹಿಂದಿನ ಗುರುವಿನ ಗುರಿ ಇದ್ದುದನ್ನು ಕೆಡದಂತೆ ಕಾಪಾಡುವುದು. ಪದಪಾಠ, ಕ್ರಮಪಾಠ ಎಂಬ ಏರ್ಪಾಡುಗಳು ಅದಕ್ಕಾಗಿಯೇ ಹುಟ್ಟಿದವು. ಕ್ರಮಪಾಠದಲ್ಲಿ ಒಂದನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ, ಹೀಗೆ ಸರಪಣಿಯಂತೆ ಕೂಡಿಸಿ ಹೇಳುವುದರಿಂದ ನಡುವೆ ಒಂದು ಪದ ಜಾರಿದರೆ ಕೂಡಲೆ ಗೊತ್ತಾಗುತ್ತದೆ. ಇಂದಿನ ಸಂಶೋಧಕನ ಗುರಿಯಾದರೋ ಇನ್ನೂ ತಿಳಿಯದುದನ್ನು ತಿಳಿಯುವುದು. ಜನ ಹೇಗೆ ಮಾತನಾಡಬೇಕೆಂದು ಅವನು ಹೇಳಹೊರಟವನಲ್ಲ. ಹೇಗೆ ಮಾತನಾಡುತ್ತಾರೆಂಬುದನ್ನು ಕಾಣಹೊರಟವನು. ನನ್ನಂತೆ ಜೀವಮಾನವೆಲ್ಲ ಶಬ್ದಶುದ್ಧಿಯನ್ನು ಬೋಧಿಸಿದವರಿಗೆ ಈ ಭೇದ ಮೊದಲಿಗೆ ಅಷ್ಟಾಗಿ ರುಚಿಸುವುದಿಲ್ಲ. ಆದರೂ ಇದರ ಬೀಜ ನಮ್ಮ ವೈಯಾಕರಣರಲ್ಲಿಯೇ ಇದೆ. ಪೂರ್ವದೇಶದವರ ಪ್ರಯೋಗ ಹೀಗೆ, ಉತ್ತರದೇಶದವರ ಪ್ರಯೋಗ ಹೀಗೆ ಎಂದು ಪಾಣಿನಿಯೇ ತನ್ನ ಸೂತ್ರಗಳಲ್ಲಿ ಗುರುತಿಸಿದ್ದಾನೆ. ಪತಂಜಲಿಯ ಮಹಾಭಾಷ್ಯದಲ್ಲಿ ಒಂದು ಸೊಗಸಾದ ಪ್ರಸಂಗವುಂಟು. ವೈಯಾಕರಣನೊಬ್ಬನು ರಥವನ್ನು ಕಂಡು, ಇದರ ‘ಪ್ರವೇತಾ’ ಯಾರೆಂದು ಕೇಳುತ್ತಾನೆ. ಸಾರಥಿಯು ತಾನೇ ಇದರ ‘ಪ್ರಾಜಿತಾ’ ಎನ್ನುತ್ತಾನೆ. ಅದು ಅಪಶಬ್ದವೆಂದು ವೈಯಾಕರಣನು ಹಳಿಯಲು, ಸಾರಥಿಯು, ಈತನಿಗೆ ಸೂತ್ರ ಎಲ್ಲಿಗೆ ಹತ್ತುತ್ತದೆಂಬುದು ಗೊತ್ತು, ಲೋಕಕ್ಕೆ ಇಷ್ಟವಾದ ಪ್ರಯೋಗ ಯಾವುದೆಂಬುದು ಗೊತ್ತಿಲ್ಲ ಎಂದು ಉತ್ತರ ಕೊಡುತ್ತಾನೆ. ಭಾಷ್ಯಕಾರನು ಸಾರಥಿಯ ಬಾಯಿಗೆ ಗೆಲವನ್ನು ಕೊಟ್ಟಿರುವುದನ್ನು ನೋಡಿರಿ. ಮಾತನ್ನು ಶೋಧಿಸಹೊರಟ ವಿದ್ಯಾರ್ಥಿಗೆ ಮಾರ್ಗದರ್ಶಕನು ಕಲಿಸಬೇಕಾದ ಮೊದಲ ಪಾಠ ಇದೇ: ಆಡುವವನ ಮಾತನ್ನು ತಿದ್ದುವ ಮೊದಲು ಅದನ್ನು ಕೇಳು.

ಇನ್ನು ಎರಡನೆಯ ಪ್ರಶ್ನೆ. ಪದವಿಯನ್ನು ಪಡೆಯದ ಎಳೆಯರಿಂದ ಇದು ಸಾಧ್ಯವೆ? ಇದಕ್ಕೆ ಪರದೇಶದ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಡ್ರಿಕ್ ಜೆಲಿನೆಕ್ ಎಂಬ ಪ್ರಾಧ್ಯಾಪಕರಿದ್ದರು. ಅವರು ೧೯೩೨ರಲ್ಲಿ ಚೆಕೊಸ್ಲೊವಾಕಿಯದ ಕ್ಲಾದ್ನೊ ಎಂಬ ಊರಿನಲ್ಲಿ ಹುಟ್ಟಿದವರು. ತಂದೆ ನಾಜಿಗಳ ಬಂಧನದಲ್ಲಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ, ೧೯೪೯ರಲ್ಲಿ, ಈ ಕುಟುಂಬ ಅಮೆರಿಕವನ್ನು ಸೇರಿತು. ಹುಡುಗ ವಿದ್ಯುತ್ತಿನ ಎಂಜಿನಿಯರಿಂಗನ್ನು ಓದಿದ. ಆದರೆ ಭಾಷೆಯ ಕಡೆಗೆ ಮನಸ್ಸು ಎಳೆಯುತ್ತಿತ್ತು. ಮುಂದೆ ೧೯೭೨ರಿಂದ ಐ.ಬಿ.ಎಂ. ಕಂಪನಿಯ ಪ್ರಯೋಗಶಾಲೆಯಲ್ಲಿ, ಆಡಿದ ಮಾತನ್ನು ಯಂತ್ರ ಬರೆದುಕೊಳ್ಳುವಂತೆ ಮಾಡುವ ಕಾರ್ಯಕ್ಕೆ ಅವರು ಮುಂದಾಳಾದರು. ಒಂದು ಪದ ಬಂದ ಮೇಲೆ ಇನ್ನೊಂದು ಯಾವ ಪದ ಬರುವ ಸಂಭವ ಎಷ್ಟೆಂಬುದನ್ನು ಅಪಾರವಾದ ಬರೆಹವನ್ನು ಎಣಿಸಿ ಗೊತ್ತುಮಾಡುವ ಅವರ ಮಾರ್ಗವೇ ಮುಂದೆ ಈ ವಿದ್ಯೆಯ ಹೆದ್ದಾರಿಯಾಯಿತು.

ಈ ಜೆಲಿನೆಕ್ ಅವರು ೧೯೯೩ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಲ್ಲಿ ೧೯೯೫ರಿಂದ ಪ್ರತಿ ಬೇಸಗೆಯಲ್ಲಿಯೂ ಮಾತು ಮತ್ತು ಭಾಷೆಯ ಸಂಶೋಧನೆಗಾಗಿ ಕೆಲವು ವಾರಗಳ ಕಮ್ಮಟವೊಂದು ನಡೆಯಿತು. ಅದರ ಏರ್ಪಾಡು ವಿಚಾರಮಾಡತಕ್ಕದ್ದು. ಯಾವ ಸಮಸ್ಯೆಗಳನ್ನು ಹಿಡಿಯಬೇಕೆಂಬುದನ್ನು ಮೊದಲೇ ಕೂಡಿ ಚರ್ಚಿಸಿ ನಿಶ್ಚಯಿಸುವರು; ಒಂದೊಂದು ಸಮಸ್ಯೆಗೂ ಒಂದೊಂದು ತಂಡ. ತಂಡದಲ್ಲಿ ಹೆಸರಾದ ಪ್ರಾಧ್ಯಾಪಕರು, ಕಂಪನಿಗಳ ತಜ್ಞರು, ಡಾಕ್ಟರೇಟಿಗೆ ಓದುವವರು—ಇವರೊಡನೆ ಪದವಿ ತರಗತಿಯ ಕೆಲವು ವಿದ್ಯಾರ್ಥಿಗಳು. ಇವರೆಲ್ಲ ಒಂದೇ ಕೊಠಡಿಯಲ್ಲಿ ಕುಳಿತು ಒಂದೇ ಕೆಲಸದ ಬೇರೆ ಬೇರೆ ಪಾಲುಗಳನ್ನು ಮಾಡತಕ್ಕದ್ದು. ಕೊನೆಯಲ್ಲಿ ಸಭೆ ಸೇರುವುದು. ಎಳೆಯರೂ ಎದ್ದು ನಿಂತು ತಮ್ಮ ಪಾಲಿನ ಕೆಲಸವನ್ನು ತಾವೇ ವಿವರಿಸತಕ್ಕದ್ದು. ೧೯೯೯ರ ಕಮ್ಮಟದಲ್ಲಿ ಒಂದು ತಂಡವು, ಒಂದು ಭಾಷೆಯಿಂದ ಇನ್ನೊಂದಕ್ಕೆ ಯಂತ್ರದಿಂದ ಅನುವಾದ ಮಾಡುವ ಸಲಕರಣೆಯನ್ನು ಕಟ್ಟಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಆ ತಂಡದಲ್ಲಿ ಪದವಿ ತರಗತಿಯವರೂ ಇದ್ದರು. ೨೦೦೯ರ ಕಮ್ಮಟದಲ್ಲಿ ಮೊಳೆತ ‘ಕಾಲ್ಡಿ’ ಎಂಬ ಇನ್ನೊಂದು ಸಲಕರಣೆ, ಮಾತನ್ನು ಬರೆಹಕ್ಕೆ ಇಳಿಸುವವರ ಕೈಯಲ್ಲಿ ಲೋಕವನ್ನೆಲ್ಲ ಸುತ್ತಿತು. (ಕಾಲ್ಡಿಯೆಂಬುದು, ಕಾಫಿಯ ಗುಣವನ್ನು ಮೊದಲು ಕಂಡನೆಂದು ಕಥೆ ಹೇಳುವ ಇಥಿಯೋಪಿಯದ ಮೇಕೆ ಕಾಯುವವನ ಹೆಸರು, ಚಿಕ್ಕಮಗಳೂರಿನ ಕಡೆಯ ವಾಚಕರಿಗೆ ಇದು ಸಂತೋಷವಾದೀತು.) ಜೆಲಿನೆಕ್ ಅವರು ೨೦೧೦ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ಬಳಿಕ ಕಮ್ಮಟಕ್ಕೆ ಅವರ ಹೆಸರನ್ನಿಟ್ಟರು. ೨೦೧೪ರಲ್ಲಿ ಅದು ಅವರ ಹುಟ್ಟುನಾಡಿನ ಪ್ರಾಗ್ ನಗರದಲ್ಲಿಯೂ ನಡೆಯಿತು.

ಇದರಿಂದ ಕಲಿಯತಕ್ಕದ್ದೇನು? ಎಳೆಯನನ್ನು ದೊಡ್ಡವರ ಮೇಜಿನ ಬಳಿ ಕುಳ್ಳಿರಿಸಿದರೆ ಅವನು ಎರಡು ಸಂಗತಿಗಳನ್ನು ಕಣ್ಣಾರೆ ಕಾಣುತ್ತಾನೆ. ಬಲ್ಲವರಿಗೂ ಉತ್ತರ ಮೊದಲೇ ಗೊತ್ತಿರುವುದಿಲ್ಲವೆಂಬುದು ಒಂದು. ಅವರು ಊಹಿಸಿದುದು ಸುಳ್ಳಾದಾಗ ಏನು ಮಾಡುತ್ತಾರೆಂಬುದು ಇನ್ನೊಂದು. ಪಾಠದ ಪುಸ್ತಕದಲ್ಲಿ ಈ ಎರಡೂ ಇರುವುದಿಲ್ಲ. ಪುಸ್ತಕದಲ್ಲಿ ಗೆದ್ದ ವಿಚಾರ ಮಾತ್ರ ಉಳಿದಿರುತ್ತದೆ. ಸೋತ ಹತ್ತು ವಿಚಾರಗಳು ಪ್ರಯೋಗಶಾಲೆಯ ಕಸದ ಬುಟ್ಟಿಯಲ್ಲಿರುತ್ತವೆ.

ಹಣ, ಯಂತ್ರ, ದೊಡ್ಡ ವಿಶ್ವವಿದ್ಯಾನಿಲಯ—ಇವಿಲ್ಲದೆ ಏನೂ ಆಗದೆಂದು ಯಾರೂ ಎದೆಗುಂದಬೇಕಾಗಿಲ್ಲ. ಜೀನ್ ಬರ್ಕೊ ಎಂಬ ವಿದ್ಯಾರ್ಥಿನಿ ೧೯೫೮ರಲ್ಲಿ ಪ್ರಕಟಿಸಿದ ಶೋಧನೆಗೆ ಬೇಕಾದುದು ಕೆಲವು ಚಿತ್ರದ ಹಾಳೆಗಳು ಮಾತ್ರ. ಅವಳಿಗೆ ರೋಜರ್ ಬ್ರೌನ್ ಎಂಬ ಮನಶ್ಶಾಸ್ತ್ರಜ್ಞರು ಮಾರ್ಗದರ್ಶಕರು. ಎಲ್ಲಿಯೂ ಇಲ್ಲದ ಒಂದು ಹಕ್ಕಿಯಂತಹ ಪ್ರಾಣಿಯ ಚಿತ್ರ ಬರೆದು ಅದಕ್ಕೆ ‘ವಗ್’ ಎಂದು ಹೆಸರಿಟ್ಟು ಮಕ್ಕಳಿಗೆ ತೋರಿಸಿದಳು. ಬಳಿಕ ಅಂತಹವು ಎರಡಿರುವ ಚಿತ್ರವನ್ನು ತೋರಿಸಿ, ಈಗ ಏನೆನ್ನುತ್ತೀರಿ ಎಂದು ಕೇಳಿದಳು. ಹಿಂದೆಂದೂ ಕೇಳದ ಆ ಶಬ್ದಕ್ಕೆ ಮಕ್ಕಳು ಬಹುವಚನದ ಪ್ರತ್ಯಯವನ್ನು ತಾವಾಗಿ ಹಚ್ಚಿದರು. ಮಗು ಕೇಳಿದುದನ್ನು ಗಿಳಿಯಂತೆ ಒಪ್ಪಿಸುತ್ತದೆಯೆಂಬ ಭಾವನೆ ಇದರಿಂದ ನಿಲ್ಲಲಾರದಾಯಿತು. ಯಾರೂ ಕಲಿಸದ ವ್ಯಾಕರಣವೊಂದು ಮಗುವಿನ ಒಳಗೆ ಕೆಲಸ ಮಾಡುತ್ತಿರುವುದು ಬಯಲಾಯಿತು. ನಮ್ಮ ಮನೆಯ ನಾಲ್ಕು ವರ್ಷದ ಮಗುವಿಗೆ ‘ಟುಮ್ಮಿ’ ಎಂಬ ಇಲ್ಲದ ಪ್ರಾಣಿಯನ್ನು ತೋರಿಸಿ, ಎರಡಾದಾಗ ‘ಟುಮ್ಮಿಗಳು’ ಎನ್ನುತ್ತದೆಯೊ, ‘ಎರಡು ಟುಮ್ಮಿ’ ಎನ್ನುತ್ತದೆಯೊ ಕೇಳಿ ನೋಡಿರಿ. ಕನ್ನಡದಲ್ಲಿ ಸಂಖ್ಯೆ ಮುಂದಿದ್ದರೆ ‘ಗಳು’ ಬಿಟ್ಟು ‘ಎರಡು ಮರ’ ಎನ್ನುವುದೂ ರೂಢಿಯಾದುದರಿಂದ, ಪ್ರಶ್ನೆಯನ್ನು ಹೇಗೆ ಕೇಳಬೇಕೆಂಬುದೇ ಇಲ್ಲಿ ಒಂದು ಸಮಸ್ಯೆ. ಇಂಗ್ಲಿಷಿನ ಪ್ರಯೋಗವನ್ನು ಹಾಗೆಯೇ ನಕಲು ಮಾಡಿದರೆ ಕನ್ನಡದ ಮಗು ಸರಿಯಾಗಿ ಹೇಳಿಯೂ ತಪ್ಪಿದಂತೆ ಲೆಕ್ಕಕ್ಕೆ ಬಂದೀತು. ಇದನ್ನು ಕಾಣಿಸಿಕೊಡುವುದೇ ಮಾರ್ಗದರ್ಶಕನ ಕೆಲಸ.

ದಾರಿ ತೋರುವ ಬಗೆ ಹೇಗಿರಬೇಕೆಂಬುದಕ್ಕೆ ಇನ್ನೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಛಂದಸ್ಸಿನಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಹಾಗಾದರೆ ನಾವು ಆಡುವಾಗ ದೀರ್ಘಸ್ವರವು ನಿಜವಾಗಿ ಎರಡರಷ್ಟು ಹೊತ್ತು ಹಿಡಿಯುತ್ತದೆಯೆ ಎಂಬ ಪ್ರಶ್ನೆ ವಿದ್ಯಾರ್ಥಿಗೆ ಹುಟ್ಟಿತೆಂದು ಭಾವಿಸೋಣ. ಪ್ರಶ್ನೆ ಚಿಕ್ಕದು, ಸ್ಪಷ್ಟವಾದುದು, ಅಳೆಯಬರುವಂತಹದು, ಆದುದರಿಂದ ಒಳ್ಳೆಯದು. ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು ರಚಿಸಿ ಉಚಿತವಾಗಿ ಹಂಚುತ್ತಿರುವ ‘ಪ್ರಾಟ್’ ಎಂಬ ಸಾಧನವನ್ನು ಸಾಧಾರಣವಾದ ಕಂಪ್ಯೂಟರಿನಲ್ಲಿಯೇ ಹಾಕಿಕೊಳ್ಳಬಹುದು. ಅದು ಮಾತನ್ನು ಚಿತ್ರವಾಗಿ ತೋರಿಸುತ್ತದೆ: ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಧ್ವನಿಯ ಕಂಪನದ ಪ್ರಮಾಣ, ಕಪ್ಪು ಗಾಢವಾದಷ್ಟೂ ಅಲ್ಲಿ ಶಕ್ತಿ ಹೆಚ್ಚು. ಸೆಕೆಂಡಿನ ಸಾವಿರದ ಒಂದು ಪಾಲನ್ನೂ ಅದರಲ್ಲಿ ಅಳೆಯಬಹುದು.

ವಿದ್ಯಾರ್ಥಿಯು ಉತ್ಸಾಹದಿಂದ ‘ಹರ–ಹಾರ’, ‘ಬೆರೆ–ಬೇರೆ’ ಎಂಬ ಜೋಡಿಗಳನ್ನು ಆಯ್ದು ತರುತ್ತಾನೆ. ಇವು ಬೇಡವೆಂದು ಒಳ್ಳೆಯ ಮಾರ್ಗದರ್ಶಕನು ಒಡನೆಯೇ ಹೇಳಿಬಿಡುವುದಿಲ್ಲ. “ಇಪ್ಪತ್ತು ಅಳೆದುಕೊಂಡು ಬಾ; ಸ್ವರ ಎಲ್ಲಿ ಮುಗಿದು ರಕಾರ ಎಲ್ಲಿ ಆರಂಭವಾಯಿತೆಂಬುದನ್ನು ಗೆರೆಯೆಳೆದು ತೋರಿಸು” ಎನ್ನುತ್ತಾನೆ. ಗೆರೆಯೆಳೆಯಹೋದಾಗ ಹಕಾರದ ಉಸಿರು ಸ್ವರದೊಳಕ್ಕೂ, ಸ್ವರವು ರಕಾರದೊಳಕ್ಕೂ ಕರಗಿಹೋಗಿರುವುದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ. ಆಗ ಎರಡು ಕಡೆಗಳಲ್ಲಿಯೂ ಬಾಯಿ ಪೂರ್ತಿ ಮುಚ್ಚುವ ವ್ಯಂಜನಗಳಿರುವ ಪದಗಳನ್ನು ಹುಡುಕುತ್ತಾನೆ: ಕಡು–ಕಾಡು, ಬಿಡು–ಬೀಡು, ಕುಡಿ–ಕೂಡಿ, ಕೆಡು–ಕೇಡು, ಕೊಡು–ಕೋಡು. ಅ, ಇ, ಉ, ಎ, ಒ—ಐದು ಸ್ವರಗಳೂ ಬಂದುವು. ಹತ್ತು ಪದಗಳು, ಹತ್ತು ಮಂದಿ, ಒಬ್ಬೊಬ್ಬರಿಂದ ಐದು ಸಲ. ಒಟ್ಟು ೫೦೦ ಉಚ್ಚಾರಣೆಗಳು. ಪದವನ್ನು ಒಂಟಿಯಾಗಿ ಹೇಳಿಸಿದರೆ ಜನ ಎಳೆದು ಹೇಳುತ್ತಾರಾದ್ದರಿಂದ ‘ಅವಳು ಕಾಡು ಎಂದಳು’ ಎಂಬಂತೆ ಒಂದೇ ವಾಕ್ಯದಲ್ಲಿ ಕೂರಿಸಿ ಹೇಳಿಸಬೇಕು. ಹ್ರಸ್ವದೀರ್ಘಗಳ ಜೋಡಿ ಒಟ್ಟಿಗೆ ಬಾರದಂತೆ ಸಾಲನ್ನು ಕಲಸಬೇಕು. ಕೊನೆಗೆ ವಿದ್ಯಾರ್ಥಿಗೆ, ಮಾತ್ರೆಯೆಂಬುದು ಲಯದ ಎಣಿಕೆ, ಸೆಕೆಂಡೆಂಬುದು ಗಡಿಯಾರದ ಎಣಿಕೆ, ಇವೆರಡೂ ಒಂದೇ ಅಲ್ಲವೆಂಬ ದೊಡ್ಡ ಸತ್ಯ ಹೊಳೆಯುತ್ತದೆ. ‘ಕತೆ’ಯ ಮೊದಲಕ್ಷರ ಲಘು, ‘ಕತ್ತೆ’ಯ ಮೊದಲಕ್ಷರ ಗುರು. ಆದರೂ ‘ಕತ್ತೆ’ಯಲ್ಲಿ ಸ್ವರ ದೀರ್ಘವಾಗಿಲ್ಲ, ಹೊತ್ತು ಹಿಡಿದುದು ಒತ್ತಿನ ತಕಾರದಲ್ಲಿ ನಾಲಗೆ ಹಲ್ಲಿಗೆ ಅಂಟಿ ನಿಂತ ಕಾಲ. ಇದನ್ನು ನಾನೇ ನೂರು ಸಲ ಪಾಠದಲ್ಲಿ ಹೇಳಿದರೂ, ಅವನೇ ಅಳೆದು ಕಂಡ ಒಂದು ಸಲಕ್ಕೆ ಸಾಟಿಯಾಗದು.

ಅಳತೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆಯುಂಟು. ಯಂತ್ರ ಮಾತನ್ನು ಎಷ್ಟು ಸರಿಯಾಗಿ ಬರೆದುಕೊಂಡಿತೆಂಬುದನ್ನು ಪದಗಳ ತಪ್ಪಿನ ಲೆಕ್ಕದಿಂದ ಹೇಳುವುದು ವಾಡಿಕೆ. ಹತ್ತು ಪದಗಳ ವಾಕ್ಯದಲ್ಲಿ ಒಂದನ್ನು ಬೇರೆಯಾಗಿ ಬರೆದು, ಒಂದನ್ನು ಬಿಟ್ಟು, ಇಲ್ಲದ ಒಂದನ್ನು ಸೇರಿಸಿದರೆ ಮೂರು ತಪ್ಪು, ನೂರಕ್ಕೆ ೩೦. ಇಂಗ್ಲಿಷಿಗೆ ಇದು ಸರಿ. ಕನ್ನಡದಲ್ಲಿ ‘ರಾಮ ಮನೆಯಲ್ಲಿದ್ದಾನೆ’ ಎಂದು ಮೂಲದಲ್ಲಿದ್ದು, ಯಂತ್ರವು ‘ರಾಮ ಮನೆಯಲ್ಲಿ ಇದ್ದಾನೆ’ ಎಂದು ಬರೆದರೆ, ಸಂಧಿಯನ್ನು ಬಿಡಿಸಿದುದೊಂದೇ ಅದರ ಅಪರಾಧ. ಆದರೂ ಲೆಕ್ಕದಲ್ಲಿ ಒಂದು ಪದ ಬದಲಾಯಿತು, ಒಂದು ಹೆಚ್ಚಾಯಿತು, ಎರಡು ಪದಗಳ ವಾಕ್ಯಕ್ಕೆ ಎರಡು ತಪ್ಪು, ನೂರಕ್ಕೆ ನೂರು! ಕಿವಿ ಸರಿಯಾಗಿ ಕೇಳಿದೆ, ಅಂಕ ಮಾತ್ರ ಸೊನ್ನೆ. ಸಂಧಿಪ್ರಕರಣವನ್ನು ಓದಿದ ಹುಡುಗಿಯೊಬ್ಬಳು ಇದನ್ನು ಹಿಡಿದು ತೋರಿಸಬಲ್ಲಳು. ವ್ಯಾಕರಣದ ಪಾಠ ಈ ಕಾಲಕ್ಕೆ ನಿರುಪಯೋಗಿಯೆನ್ನುವವರು ಇದನ್ನು ಗಮನಿಸಲಿ.

ಸತ್ಯನಿಷ್ಠೆಯ ಪಾಠವೂ ಇಲ್ಲಿಯೇ ಸಿಕ್ಕತಕ್ಕದ್ದು. ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿದವನು ಪಡೆದ ಅಂಕಕ್ಕೆ ಬೆಲೆಯುಂಟೆ? ಯಂತ್ರಕ್ಕೆ ಯಾವ ಮಾತುಗಳನ್ನು ಕೇಳಿಸಿ ಕಲಿಸಿದರೋ ಅವೇ ಮಾತುಗಳಲ್ಲಿ ಅದನ್ನು ಪರೀಕ್ಷಿಸಿದರೆ ಅದೂ ಹಾಗೆಯೇ. ಆದುದರಿಂದ ಕಲಿಸುವ ಪಾಲನ್ನೂ ಪರೀಕ್ಷಿಸುವ ಪಾಲನ್ನೂ ಮೊದಲ ದಿನವೇ ಬೇರೆಮಾಡಿ ಇಡತಕ್ಕದ್ದು. ಧ್ವನಿಯನ್ನು ಗುರುತಿಸುವ ಕೆಲಸವನ್ನು ಇಬ್ಬರು ಒಬ್ಬರಿಗೊಬ್ಬರು ತೋರಿಸದೆ ಮಾಡಿ, ಬಳಿಕ ಹೋಲಿಸತಕ್ಕದ್ದು. ಅಕಸ್ಮಾತ್ತಾಗಿ ಒದಗುವ ಹೊಂದಿಕೆಯನ್ನು ಕಳೆದು ನಿಜವಾದ ಹೊಂದಿಕೆ ಎಷ್ಟೆಂದು ಎಣಿಸುವ ಸೂತ್ರವನ್ನು ಜೇಕಬ್ ಕೊಹೆನ್ ಎಂಬುವರು ೧೯೬೦ರಲ್ಲಿ ಕೊಟ್ಟಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಎಣಿಸಿದಂತೆ ಫಲ ಬಾರದಿದ್ದಾಗ, ಬಾರಲಿಲ್ಲವೆಂದು ಬರೆಯುವ ಧೈರ್ಯ ವಿದ್ಯಾರ್ಥಿಗೆ ಬರಬೇಕು. ಮಾರ್ಗದರ್ಶಕನ ಮುಖ ಆ ಹೊತ್ತಿನಲ್ಲಿ ಹೇಗಿರುತ್ತದೆಂಬುದನ್ನು ಎಳೆಯರು ಬಹು ಸೂಕ್ಷ್ಮವಾಗಿ ನೋಡುತ್ತಾರೆ. ಗುರುವಿನ ಹುಬ್ಬು ಗಂಟಿಕ್ಕಿದರೆ, ಮುಂದಿನ ಸಲ ಶಿಷ್ಯನು ಅಂಕಿಗಳನ್ನು ಗುರುವಿಗೆ ಹಿತವಾಗುವಂತೆ ತಿದ್ದಿ ತಂದಾನು. ಆ ಪಾಪದಲ್ಲಿ ಗುರುವಿಗೂ ಪಾಲಿದೆ.

ಈಗ ನನಗೆ ತಿಳಿದ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಬಳಿ ಸಂಸ್ಕೃತವನ್ನು ಓದಿದ ಹುಡುಗಿಯೊಬ್ಬಳು ಮಂಡ್ಯದ ಕಡೆಯ ಒಕ್ಕಲು ಮನೆತನದವಳು. ಕಾಲೇಜಿಗೆ ಸೇರಿದ ಹೊಸದರಲ್ಲಿ ಅವಳು ‘ಹಾಲು’ ಎನ್ನುವಲ್ಲಿ ‘ಆಲು’ ಎಂದುದಕ್ಕೆ ತರಗತಿ ನಕ್ಕಿತು. ಪಾಠ ಹೇಳುತ್ತಿದ್ದವರೂ ನಕ್ಕರು. ಆ ಬಳಿಕ ಅವಳು ಮೂರು ತಿಂಗಳು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಓದನ್ನು ಬಿಟ್ಟು ಊರಿಗೆ ಹೋಗಿಬಿಡುವ ಯೋಚನೆಯೂ ಬಂದಿತ್ತಂತೆ. ಅವಳ ಪುಣ್ಯಕ್ಕೆ, ಭಾಷಾಶಾಸ್ತ್ರವನ್ನು ಹೇಳುತ್ತಿದ್ದ ಅಧ್ಯಾಪಿಕೆಯೊಬ್ಬರು ಇವಳ ಮೌನವನ್ನು ಗಮನಿಸಿ ಕರೆದು, “ನಿಮ್ಮ ಅಜ್ಜಿ ಎಲ್ಲೆಲ್ಲಿ ಹಕಾರ ಬಿಡುತ್ತಾರೆ, ಎಲ್ಲೆಲ್ಲಿ ಬಿಡುವುದಿಲ್ಲ, ಯಾರ ಎದುರಿಗೆ ಹೇಗೆ—ಇದನ್ನು ಬರೆದುಕೊಂಡು ಬಾಮ್ಮ” ಎಂದರು. ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಲ್ಲಿ ವಿಲಿಯಂ ಲಬೋವ್ ಎಂಬ ವಿದ್ಯಾರ್ಥಿ ನಡೆಸಿದ ಶೋಧನೆಯ ಕಥೆಯನ್ನೂ ಹೇಳಿದರು. ನಾಲ್ಕನೆಯ ಅಂತಸ್ತಿನಲ್ಲಿರುವ ಸರಕು ಎಲ್ಲಿದೆಯೆಂದು ಕೇಳುತ್ತ, ೨೬೪ ಮಂದಿ ನೌಕರರ ಬಾಯಿಂದ ‘ಫೋರ್ತ್ ಫ್ಲೋರ್’ ಎಂಬ ಉತ್ತರ ಪಡೆದು, ರಕಾರವನ್ನು ಉಚ್ಚರಿಸುವವರೆಷ್ಟು, ನುಂಗುವವರೆಷ್ಟು ಎಂದು ಆತ ಎಣಿಸಿದ. ಅಂಗಡಿಯ ಅಂತಸ್ತು ಏರಿದಂತೆ ರಕಾರವೂ ಏರಿತು.

ಹುಡುಗಿ ಊರಿಗೆ ಹೋಗಿ ಅಜ್ಜಿಯ ಅಪ್ಪಣೆ ಕೇಳಿದಳು. “ನನ್ನ ಮಾತ್ನಾಗೆ ಏನೈತೆ ಮಗಾ ತಕ್ಕೊಂಡೋಗಾಕೆ?” ಎಂದು ಅಜ್ಜಿ ನಕ್ಕರೂ ಒಪ್ಪಿದಳು. ಕೊಟ್ಟಿಗೆಯಲ್ಲಿ ನೆರೆಯವರೊಡನೆ ಆಡಿದ ಮಾತು, ಮನೆಯಲ್ಲಿ ಕಥೆ ಹೇಳಿದ ಮಾತು, ಸಾಲದ ವಿಚಾರವಾಗಿ ಬಂದ ಬ್ಯಾಂಕಿನವರೊಡನೆ ಅವರನ್ನೂ ಕೇಳಿಕೊಂಡು ಮುದ್ರಿಸಿದ ಮಾತು—ಮೂರನ್ನೂ ಹೋಲಿಸಿದಳು. ಕೊಟ್ಟಿಗೆಯಲ್ಲಿ ಹಕಾರ ಬಹುಮಟ್ಟಿಗೆ ಇಲ್ಲ. ಬ್ಯಾಂಕಿನವರ ಎದುರಿಗೆ ಹಕಾರ ಬಂದಿತು. ಬರಬೇಕಾದಲ್ಲಿ ಮಾತ್ರವಲ್ಲ, ಬರಬಾರದಲ್ಲಿಯೂ ಬಂದಿತು. ಸಾಹೇಬರ ಮುಂದೆ ಅಕ್ಕಿಯೂ ‘ಹಕ್ಕಿ’ಯಾಗಿ ಹಾರಿತು! ಇದನ್ನು ಹೇಳಲು ಬಂದ ಹುಡುಗಿಯ ಕಣ್ಣಿನಲ್ಲಿ ನೀರಿತ್ತು. “ಮೇಷ್ಟ್ರೇ, ನಮ್ಮಜ್ಜಿ ಮಾತು ತಪ್ಪಲ್ಲ, ಅದಕ್ಕೂ ಒಂದು ಲೆಕ್ಕ ಐತೆ. ತಪ್ಪಾಗೋದು ಹೆದರಿದಾಗ” ಎಂದಳು. ನಾನು ಅವಳಿಗೆ ಹಳಗನ್ನಡದ ‘ಪಾಲ್’ ಎಂಬುದು ‘ಹಾಲು’ ಆದ ಕಥೆಯನ್ನು ನೆನಪಿಸಿದೆ. ಪಕಾರವನ್ನು ಬಿಟ್ಟು ಹಕಾರ ಹಿಡಿದವರನ್ನು ಅಂದಿನವರೂ ನಕ್ಕಿರಬಹುದು. ಇಂದು ಹಕಾರವನ್ನು ಬಿಟ್ಟವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ನಡೆದವರಷ್ಟೆ. ಸಭೆಯಲ್ಲಿ ಆಡುವಾಗ ಸಭೆಯ ಭಾಷೆ ಬೇಕು, ಅದನ್ನು ಕಲಿಯತಕ್ಕದ್ದು. ಆದರೆ ಮನೆಯ ಭಾಷೆಗೆ ನಾಚತಕ್ಕದ್ದಿಲ್ಲ. ಅದೇ ತರಗತಿಯ ಮುಂದೆ ಅವಳು ತನ್ನ ಶೋಧನೆಯನ್ನು ಓದಿದಾಗ ಯಾರೂ ನಗಲಿಲ್ಲ. ಈಗ ಅವಳು ಎಂ.ಎ. ಓದುತ್ತಿದ್ದಾಳೆ.

ಎಲ್ಲ ಕಡೆಯೂ ಹೀಗೆ ನಡೆಯುತ್ತದೆಯೆಂದು ಹೇಳಲಾರೆ. ಎಳೆಯರಿಂದ ತಿಂಗಳುಗಟ್ಟಲೆ ಧ್ವನಿಮುದ್ರಣಗಳನ್ನು ಕೇಳಿಸಿ ಬರೆಯಿಸಿಕೊಂಡು, ಇದು ಯಾವ ಪ್ರಶ್ನೆಗಾಗಿ ಎಂಬುದನ್ನು ತಿಳಿಸದೆ, ಕೊನೆಗೆ ಅಚ್ಚಾದ ಪ್ರಬಂಧದಲ್ಲಿ ಅವರ ಹೆಸರನ್ನೂ ಹಾಕದೆ ಕಳುಹಿಸುವ ಕಡೆಗಳೂ ಉಂಟು. ಅದು ಮಾರ್ಗದರ್ಶನವಲ್ಲ, ಬಿಟ್ಟಿ ಚಾಕರಿ. ಬೇಸರದ ಕೆಲಸ ಸಂಶೋಧನೆಯಲ್ಲಿ ಇದ್ದೇ ಇದೆ. ಐನೂರು ಸ್ವರಗಳನ್ನು ಅಳೆಯುವುದು ಬೇಸರವಲ್ಲದೆ ಮತ್ತೇನು? ಆದರೆ ಏತಕ್ಕಾಗಿ ಅಳೆಯುತ್ತಿದ್ದೇನೆಂಬುದು ಗೊತ್ತಿದ್ದರೆ ಬೇಸರ ತಪಸ್ಸಾಗುತ್ತದೆ, ಗೊತ್ತಿಲ್ಲದಿದ್ದರೆ ಗಾಣ. ಅಂತೆಯೇ ಮಾತನ್ನು ಕೊಟ್ಟವರ ಋಣವೂ ಒಂದಿದೆ. ಧ್ವನಿಯು ಮುಖದಂತೆ ಮನುಷ್ಯನ ಗುರುತು. ಅಪ್ಪಣೆಯಿಲ್ಲದೆ ಮುದ್ರಿಸಬಾರದು, ಹೆಸರನ್ನು ಬಯಲುಮಾಡಬಾರದು, ಬೇಡವೆಂದರೆ ಅಳಿಸತಕ್ಕದ್ದು, ಮಕ್ಕಳಾದರೆ ತಾಯಿತಂದೆಗಳನ್ನು ಕೇಳತಕ್ಕದ್ದು.

ಇಷ್ಟೆಲ್ಲದರಿಂದ ಲೋಕಕ್ಕೆ ಏನು ಲಾಭವೆಂದು ಗೃಹಸ್ಥರು ಕೇಳಬಹುದು. ಮೂರು ವರ್ಷವಾದರೂ ಮಾತು ಬಾರದ ಮಗುವಿನ ತಾಯಿಯನ್ನು ಕೇಳಿರಿ. ಲಕ್ವ ಹೊಡೆದು ಮಾತು ಕಳೆದುಕೊಂಡ ಹಿರಿಯರ ಮನೆಯವರನ್ನು ಕೇಳಿರಿ. ಮೈಸೂರಿನ ಅಖಿಲ ಭಾರತ ವಾಕ್‌ ಶ್ರವಣ ಸಂಸ್ಥೆ ೧೯೬೫ರಲ್ಲಿ ಆರಂಭವಾದುದು ಇಂತಹವರಿಗಾಗಿ. ಕೇಳುವಿಕೆಯನ್ನೂ ಮಾತನ್ನೂ ಕುರಿತು ಪದವಿಯ ಮಟ್ಟದಿಂದಲೇ ಅಲ್ಲಿ ಶಿಕ್ಷಣ ಕೊಡುತ್ತಾರೆ. ಕನ್ನಡದ ಮಗು ಯಾವ ವಯಸ್ಸಿಗೆ ಯಾವ ಧ್ವನಿಯನ್ನು ಕಲಿಯುತ್ತದೆಂಬುದು ಕನ್ನಡದ ಮಕ್ಕಳನ್ನು ಕೇಳಿಯೇ ತಿಳಿಯಬೇಕು. ಇಂಗ್ಲಿಷಿನ ಪುಸ್ತಕದಲ್ಲಿ ಳಕಾರಣಕಾರಗಳ ಮಾತೇ ಇರುವುದಿಲ್ಲ. ಅದೇ ಮೈಸೂರಿನಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯೂ ಇದೆ. ಇನ್ನು ಯಂತ್ರಗಳ ಮಾತು. ಕೈಯಲ್ಲಿ ಹಿಡಿಯುವ ಫೋನು ಈಗ ಮಾತನ್ನು ಕೇಳಿ ಉತ್ತರ ಕೊಡುತ್ತದೆ. ಅದಕ್ಕೆ ಪಟ್ಟಣದ ಓದಿದವರ ಕನ್ನಡವನ್ನು ಮಾತ್ರ ಕಲಿಸಿದರೆ, ಬೀದರಿನ ರೈತನಿಗೂ ಕುಂದಾಪುರದ ಬೆಸ್ತರ ಹೆಂಗಸಿಗೂ ಅದು ಕಿವುಡಾಗುತ್ತದೆ. ತಮ್ಮ ಊರಿನ ಮಾತನ್ನು ಬಲ್ಲ ಎಳೆಯರು ಶೋಧನೆಗೆ ಇಳಿಯದೆ ಈ ಕಿವುಡು ಹೋಗದು.

ಆದುದರಿಂದ, ಮಗನೋ ಮಗಳೋ ಬಂದು ಮಾತಿನ ಶೋಧನೆಗೆ ಹೋಗುತ್ತೇನೆಂದರೆ, ಸಂಬಳವೆಷ್ಟೆಂದು ಕೇಳುವ ಮೊದಲು ಈ ನಾಲ್ಕನ್ನು ಕೇಳಿರಿ. ನಿನ್ನ ಪ್ರಶ್ನೆಯೇನು, ನಮಗೆ ತಿಳಿಯುವಂತೆ ಹೇಳು. ವಾರಕ್ಕೊಮ್ಮೆಯಾದರೂ ನಿನ್ನೊಡನೆ ಕುಳಿತು ಮಾತನಾಡುವವರು ಯಾರು? ನಿನ್ನ ಕೆಲಸಕ್ಕೆ ನಿನ್ನ ಹೆಸರು ಇರುತ್ತದೆಯೆ? ಮಾತು ಕೊಟ್ಟವರ ಒಪ್ಪಿಗೆ ಪಡೆಯುತ್ತೀರೆ? ಇವಕ್ಕೆ ನೇರವಾದ ಉತ್ತರ ಬಂದರೆ ನಿಶ್ಚಿಂತೆಯಿಂದ ಕಳುಹಿಸಿಕೊಡಿರಿ. ಜೊತೆಗೆ, ಅವರು ಧ್ವನಿಮುದ್ರಣದ ಯಂತ್ರವನ್ನು ಹಿಡಿದು ಮನೆಗೆ ಬಂದಾಗ, ಅಡಿಗೆಮನೆಯಲ್ಲಿ ಆಡುವ ಮಾತನ್ನು ಬಿಟ್ಟು ಭಾಷಣದ ಮಾತನ್ನು ಆಡಬೇಡಿರಿ. ಮಗುವಿಗೆ ಮೊದಲ ಗುರು ತಾಯಿ ಎನ್ನುತ್ತೇವೆ. ಮಾತಿನ ಶೋಧನೆಯಲ್ಲಿಯೂ ಅದು ಅಕ್ಷರಶಃ ನಿಜ. ನಮ್ಮ ಎಳೆಯರು ಪ್ರಾಚೀನರ ಶ್ರದ್ಧೆಯನ್ನೂ ಇಂದಿನವರ ಅಳತೆಗೋಲನ್ನೂ ಎರಡು ಕೈಗಳಲ್ಲಿ ಹಿಡಿದು, ಕನ್ನಡದ ನುಡಿಯನ್ನು ಊರೂರಿನ ಬಾಯಿಂದ ಕೇಳಿ ಬರೆಯಲಿ. ಹಿರಿಯರು ಅವರಿಗೆ ದೀಪ ಹಿಡಿಯುವವರಾಗಲಿ.